ಗಾಲಿಬ್‌ರ ಜಮಾ-ಖರ್ಚು



ಹತ್ತನೆಯ ತರಗತಿಯಲ್ಲಿ ಮಿರ್ಜಾ ಗಾಲಿಬ್‌ರ ಗಝಲ್ ಪಾಠ ಮಾಡುತ್ತಿದ್ದೆ. ಶಬ್ದಾರ್ಥ ಮುಗಿಸಿ, ಭಾವಾರ್ಥಕ್ಕೆ ಬರುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಗಾಲಿಬ್ ಸಾಹೇಬರಿಗೆ ತಿಂಗಳಿಗೆ ಎಷ್ಟು ಸಂಬಳ ಬರುತ್ತಿತ್ತು?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ಹುಡುಗ ತಮಾಷೆಗೆ ಕೇಳಿರಲಿಲ್ಲ. ಅವನ ತಂದೆ ಪ್ರತಿ ತಿಂಗಳೂ ಇಪ್ಪತ್ತನೆಯ ತಾರೀಖಿನ ಮೇಲೆ ಕೈಗಡಕ್ಕಾಗಿ ಮನೆಮನೆ ತಿರುಗುವುದನ್ನು ನಾನು ಬಲ್ಲೆ. ಮನೆಯಲ್ಲಿ ದಿನವೂ ಕೇಳುವ ಪ್ರಶ್ನೆಯನ್ನೇ ಅವನು ಶಾಲೆಗೂ ತಂದಿದ್ದ.

ಆ ದಿನ ಅವನಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಆಮೇಲೆ ಗಾಲಿಬ್‌ರ ಪತ್ರಗಳನ್ನೂ ಅವರ ಶಿಷ್ಯ ಮೌಲಾನಾ ಅಲ್ತಾಫ್ ಹುಸೇನ್ ಹಾಲಿ 1897ರಲ್ಲಿ ಪ್ರಕಟಿಸಿದ 'ಯಾದ್ಗಾರ್-ಎ-ಗಾಲಿಬ್' ಗ್ರಂಥವನ್ನೂ ಮತ್ತೆ ತೆಗೆದು, ಈ ಸಲ ಕಾವ್ಯಕ್ಕಾಗಿ ಅಲ್ಲ, ಲೆಕ್ಕಕ್ಕಾಗಿ ಓದಿದೆ. ಆಗ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಇದು ಒಬ್ಬ ಮಹಾಕವಿಯ ತಪ್ಪು ಹುಡುಕುವ ಲೇಖನವಲ್ಲ. ಕೈಯಲ್ಲಿ ಕಾಸು ನಿಲ್ಲದ ಸ್ಥಿತಿ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಇಷ್ಟು ಸ್ಪಷ್ಟವಾದ ದಾಖಲೆ ಬಹಳ ಕಡಿಮೆ.

ತಿಂಗಳಿಗೆ ಅರವತ್ತೆರಡು ರೂಪಾಯಿ ಎಂಟಾಣೆ

ಮಿರ್ಜಾ ಅಸದುಲ್ಲಾ ಬೇಗ್ ಖಾನ್ 'ಗಾಲಿಬ್' 1797ರ ಡಿಸೆಂಬರ್ 27ರಂದು ಆಗ್ರಾದಲ್ಲಿ ಹುಟ್ಟಿದರು. ಮನೆತನ ಸೈನಿಕರದು. ಗಾಲಿಬ್ ಚಿಕ್ಕವರಿರುವಾಗಲೇ ತಂದೆ ಅಬ್ದುಲ್ಲಾ ಬೇಗ್ ಖಾನ್ ತೀರಿಕೊಂಡರು. ಸಾಕುತ್ತಿದ್ದ ಚಿಕ್ಕಪ್ಪ ನಸ್ರುಲ್ಲಾ ಬೇಗ್ ಖಾನ್ ಬ್ರಿಟಿಷ್ ಸೇನಾಪತಿ ಲಾರ್ಡ್ ಲೇಕ್‌ನ ಕೈಕೆಳಗೆ ಅಶ್ವದಳದ ಅಧಿಕಾರಿಯಾಗಿದ್ದರು. 1806ರಲ್ಲಿ ಅವರೂ ಕಾಲವಾದರು.

ಆ ಕುಟುಂಬದ ಪೋಷಣೆಗಾಗಿ ಫಿರೋಜ್‌ಪುರ ಝಿರ್ಕಾ ಮತ್ತು ಲೋಹಾರುವಿನ ನವಾಬ ಅಹ್ಮದ್ ಬಕ್ಷ್ ಖಾನರ ಮೂಲಕ ವರ್ಷಕ್ಕೆ 10,000 ರೂಪಾಯಿ ಕೊಡಬೇಕೆಂದು 1806ರ ಮೇ ತಿಂಗಳಲ್ಲಿ ಆದೇಶವಾಯಿತು. ಮರು ತಿಂಗಳೇ, ಜೂನ್‌ನಲ್ಲಿ, ಇನ್ನೊಂದು ಪತ್ರ ಹೊರಟು ಆ ಮೊತ್ತ 5,000ಕ್ಕೆ ಇಳಿಯಿತು. ಅದರಲ್ಲಿ 2,000 ಖ್ವಾಜಾ ಹಾಜಿ ಎಂಬವರಿಗೆ, 1,500 ನಸ್ರುಲ್ಲಾ ಬೇಗರ ತಾಯಿ ಮತ್ತು ಸಹೋದರಿಯರಿಗೆ, ಉಳಿದ 1,500 ಗಾಲಿಬ್ ಮತ್ತು ಅವರ ತಮ್ಮ ಮಿರ್ಜಾ ಯೂಸುಫ್‌ಗೆ. ಗಾಲಿಬ್‌ರ ಪಾಲು ವರ್ಷಕ್ಕೆ 750 ರೂಪಾಯಿ, ಅಂದರೆ ತಿಂಗಳಿಗೆ 62 ರೂಪಾಯಿ 8 ಆಣೆ. ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಗೆ ಇದೇ ಉತ್ತರ. ಕವಿಯ ಬದುಕಿನ ಕೊನೆಯವರೆಗೂ ಸ್ಥಿರವಾದ ಪಿಂಚಣಿ ಎಂದರೆ ಇಷ್ಟೇ.

ಆ ಕಾಲದ ಬಡ ಕೂಲಿಕಾರನಿಗೆ ಇದು ದೊಡ್ಡ ಮೊತ್ತವೇ. ಆದರೆ ಗಾಲಿಬ್ ಬೆಳೆದದ್ದು ಆಗ್ರಾದಲ್ಲಿ ತಾಯಿಯ ತವರಿನವರ ದೊಡ್ಡ ಹವೇಲಿಯಲ್ಲಿ. 1810ರಲ್ಲಿ, ಹದಿಮೂರರ ಹರೆಯದಲ್ಲಿ, ನವಾಬ ಅಹ್ಮದ್ ಬಕ್ಷರ ತಮ್ಮನ ಮಗಳು ಉಮ್ರಾವ್ ಬೇಗಂ ಅವರೊಂದಿಗೆ ಮದುವೆಯಾಯಿತು. ಬಳಿಕ ದೆಹಲಿಯಲ್ಲಿ ನೆಲೆಸಿದರು. ನೆಂಟರು ನವಾಬರು, ಗೆಳೆಯರು ಅಮೀರರು. ಕೈಗೆ ಬರುತ್ತಿದ್ದದ್ದು ಅರವತ್ತೆರಡೂವರೆ ರೂಪಾಯಿ. ಉಳಿಸಿಕೊಳ್ಳಬೇಕೆಂದುಕೊಂಡ ಅಂತಸ್ತು ನವಾಬರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಇಲ್ಲಿ ಹಾಸಿಗೆಯೇ ಎಷ್ಟುದ್ದ ಎಂಬುದರಲ್ಲಿ ತಕರಾರು.

ಬಾರದ ಹಣದ ಮೇಲೆ ಬದುಕು

ತಮಗೆ ಮೋಸವಾಗಿದೆ, ನ್ಯಾಯವಾಗಿ ಬರಬೇಕಾದದ್ದು 10,000ದ ಲೆಕ್ಕದಲ್ಲಿ, ಅಲ್ಲದೆ ಖ್ವಾಜಾ ಹಾಜಿ ನಮ್ಮ ಕುಟುಂಬದವನೇ ಅಲ್ಲ ಎಂದು ಗಾಲಿಬ್ ವಾದಿಸಿದರು. ಅಂದಿನ ರಾಜಧಾನಿ ಕಲ್ಕತ್ತಾದಲ್ಲಿ ಗವರ್ನರ್ ಜನರಲ್‌ಗೆ ಅರ್ಜಿ ಕೊಡಲು 1826ರಲ್ಲಿ ಹೊರಟರು. ಲಕ್ನೋ, ಬಾಂದಾ, ಅಲಹಾಬಾದ್, ಬನಾರಸ್ ಹಾದು 1828ರ ಫೆಬ್ರವರಿಯಲ್ಲಿ ಕಲ್ಕತ್ತಾ ಸೇರಿದರು. ದಾರಿಯ ಖರ್ಚಿಗೂ ಸಾಲ, ಅಲ್ಲಿ ಉಳಿಯುವುದಕ್ಕೂ ಸಾಲ. 1829ರ ನವೆಂಬರ್‌ನಲ್ಲಿ ಬರಿಗೈಯಲ್ಲಿ ದೆಹಲಿಗೆ ಮರಳಿದರು. 1831ರ ಜನವರಿಯಲ್ಲಿ ಸರಕಾರ ಜೂನ್ ತಿಂಗಳ ಪತ್ರವೇ ಸರಿ ಎಂದು ತೀರ್ಮಾನಿಸಿತು. ಗಾಲಿಬ್ ಬಿಡಲಿಲ್ಲ. ಮೇಲ್ಮನವಿ ಲಂಡನ್‌ವರೆಗೂ ಹೋಯಿತು, 1840ರ ದಶಕದವರೆಗೂ ನಡೆಯಿತು. ಕೊನೆಗೂ ಗೆಲ್ಲಲಿಲ್ಲ.

ಇಲ್ಲಿ ನಾವು ನಿಂತು ನೋಡಬೇಕಾದ ಸಂಗತಿ ಒಂದಿದೆ. ಹಕ್ಕಿಗಾಗಿ ಹೋರಾಡಿದ್ದು ತಪ್ಪಲ್ಲ. ಆದರೆ ಅಷ್ಟು ವರ್ಷ ದೆಹಲಿಯ ಸಾಹುಕಾರರು ಅವರಿಗೆ ಸಾಲ ಕೊಟ್ಟದ್ದು, ಅವರು ತೆಗೆದುಕೊಂಡದ್ದು, ಎರಡೂ ಮುಂದೆ ಗೆಲ್ಲಬಹುದಾದ ದಾವೆಯ ಭರವಸೆಯ ಮೇಲೆ. ದಾವೆ ಸೋತಿತು ಎಂದು ತಿಳಿದ ಕೂಡಲೇ ಸಾಲಗಾರರು ಬಾಗಿಲಿಗೆ ಬಂದರು. 1835ರ ಹೊತ್ತಿಗೆ 5,000 ರೂಪಾಯಿಯ ಡಿಕ್ರಿ ಅವರ ಮೇಲಾಗಿತ್ತು. ಪ್ರತಿಷ್ಠಿತರನ್ನು ಮನೆಯೊಳಗೆ ನುಗ್ಗಿ ಹಿಡಿಯಬಾರದೆಂಬ ರೂಢಿ ಅಂದು ಇದ್ದುದರಿಂದ ಗಾಲಿಬ್ ಹಗಲೆಲ್ಲ ಮನೆಯಲ್ಲೇ ಕುಳಿತು ಕತ್ತಲಾದ ಮೇಲೆ ಮಾತ್ರ ಹೊರಬರುತ್ತಿದ್ದರು. ಉರ್ದು ಭಾಷೆಯ ಶ್ರೇಷ್ಠ ಕವಿ ಸ್ವಂತ ಮನೆಯಲ್ಲೇ ಕೈದಿಯಾದರು.

ಓದುಗರೇ, ಇದನ್ನು ಓದುವಾಗ ನನಗೆ ನಗು ಬರಲಿಲ್ಲ. ಕೆಲವು ವರ್ಷಗಳ ಹಿಂದೆ ನಾನೂ ಇದೇ ತಪ್ಪು ಮಾಡಿದ್ದೇನೆ. ವೇತನದ ಹಿಂಬಾಕಿ ಇನ್ನೇನು ಬಂದೇ ಬಿಡುತ್ತದೆ ಎಂದು ಎಲ್ಲರೂ ಹೇಳಿದರು. ನಾನು ಆ ಹಣವನ್ನು ಮನಸ್ಸಿನಲ್ಲೇ ಎಣಿಸಿ, ಕಂತಿನ ಮೇಲೆ ಹೊಸ ಬೈಕ್ ತಂದೆ. ಹಿಂಬಾಕಿ ಬಂದದ್ದು ಎರಡು ವರ್ಷ ತಡವಾಗಿ. ಆ ನಡುವೆ ಪತ್ನಿಯ ಬಳೆ ಗಿರವಿ ಅಂಗಡಿಗೆ ಹೋಯಿತು. ಅಬ್ಬಾಜಾನ್ ಅವರ ಕಣ್ಣಿನ ಆಪರೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು. ಆ ವರ್ಷವೆಲ್ಲ ಅವರು ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಲು ಹೆಣಗುವುದನ್ನು ನೋಡಿದಾಗಲೆಲ್ಲ ಬೈಕ್‌ನ ಕೀಲಿ ಜೇಬಿನಲ್ಲಿ ಚುಚ್ಚುತ್ತಿತ್ತು. ಅವರು ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ನೋಯಿಸಿತು.

ಆದ್ದರಿಂದ ಗಾಲಿಬ್‌ರ ಜಮಾ-ಖರ್ಚಿನ ಮೊದಲ ಪಾಠ ಇದು: ಬರಬೇಕಾದ ಹಣ ಬೇರೆ, ಬಂದ ಹಣ ಬೇರೆ. ಬರಬೇಕಾದದ್ದಕ್ಕಾಗಿ ಹೋರಾಡಿ, ಆದರೆ ಖರ್ಚು ಮಾಡುವುದು ಬಂದದ್ದರಲ್ಲಿ ಮಾತ್ರ.

ಪಲ್ಲಕ್ಕಿ ತಿರುಗಿದ ದಿನ

1842ರಲ್ಲಿ ದೆಹಲಿ ಕಾಲೇಜಿಗೆ ಪಾರ್ಸಿ ಅಧ್ಯಾಪಕರು ಬೇಕಾಗಿದ್ದರು. ಸರಕಾರದ ಕಾರ್ಯದರ್ಶಿ ಥಾಮಸನ್ ಗಾಲಿಬ್‌ರನ್ನು ಕರೆಸಿದರು. ಮುಹಮ್ಮದ್ ಹುಸೇನ್ ಆಜಾದ್ ತಮ್ಮ 'ಆಬ್-ಎ-ಹಯಾತ್'ನಲ್ಲಿ ಹೇಳುವಂತೆ ತಿಂಗಳಿಗೆ ನೂರು ರೂಪಾಯಿಯ ಕೆಲಸ. ಗಾಲಿಬ್ ಪಲ್ಲಕ್ಕಿಯಲ್ಲಿ ಹೋದರು. ಸಾಹೇಬರು ಹೊರಬಂದು ಎದುರುಗೊಳ್ಳುತ್ತಾರೆಂದು ಕಾದರು. ದರ್ಬಾರಿಗೆ ಅತಿಥಿಯಾಗಿ ಬಂದಾಗ ಆ ಗೌರವ ಉಂಟು, ನೌಕರಿಗೆ ಬಂದಾಗ ಇಲ್ಲ ಎಂಬ ಉತ್ತರ ಬಂತು. ಸರಕಾರಿ ಕೆಲಸ ಹಿಡಿಯುವುದು ಮರ್ಯಾದೆ ಹೆಚ್ಚಲೆಂದು, ಇದ್ದದ್ದು ಕಳೆಯಲೆಂದಲ್ಲ ಎಂದು ಹೇಳಿ ಗಾಲಿಬ್ ಪಲ್ಲಕ್ಕಿ ತಿರುಗಿಸಿದರು. ಆ ಕೆಲಸ ಮುಂದೆ ಇಮಾಮ್ ಬಕ್ಷ್ ಸಹ್ಬಾಯಿ ಅವರಿಗೆ ಹೋಯಿತು.

ಈ ಕಥೆಯನ್ನು ನಾವು ಸ್ವಾಭಿಮಾನದ ಉದಾಹರಣೆಯಾಗಿ ಹೇಳುತ್ತೇವೆ. ಅದು ನಿಜವೂ ಹೌದು. ಆದರೆ ಮನೆಯೊಳಗಿನ ಬೇಗಂ ಸಾಹೇಬರ ಕಡೆಯಿಂದಲೂ ಒಮ್ಮೆ ನೋಡಿ. ಪಿಂಚಣಿ ಅರವತ್ತೆರಡೂವರೆ, ಬಾಗಿಲಲ್ಲಿ ಸಾಲಗಾರರು. ಒಳಗೆ ಬರಬೇಕಿದ್ದ ನೂರು ರೂಪಾಯಿ ಅಂಗಳದಿಂದಲೇ ಹಿಂದಕ್ಕೆ ಹೋಯಿತು. ಮಾನ ದೊಡ್ಡದೋ ಮನೆ ದೊಡ್ಡದೋ ಎಂದು ನಾನು ತೀರ್ಪು ಕೊಡುವವನಲ್ಲ. ಆದರೆ ಇದನ್ನು ಮಾತ್ರ ಇತಿಹಾಸ ಹೇಳುತ್ತದೆ: ನೌಕರಿಯಲ್ಲಿ ತಗ್ಗಲು ಒಪ್ಪದ ಅದೇ ಗಾಲಿಬ್ ಮುಂದೆ ರಾಮಪುರದ ನವಾಬರಿಗೆ ಸಾಲ ತೀರಿಸಿಕೊಡಿ ಎಂದು ಮತ್ತೆ ಮತ್ತೆ ಬೇಡಿ ಬರೆಯಬೇಕಾಯಿತು. ದುಡಿದು ತರುವ ನೂರು ರೂಪಾಯಿಗಿಂತ ಬೇಡಿ ತರುವ ನೂರು ರೂಪಾಯಿ ಮಾನಕ್ಕೆ ಹೆಚ್ಚು ದುಬಾರಿ.

ಐದು ವರ್ಷಗಳ ನಂತರ, 1847ರಲ್ಲಿ, ಇನ್ನೂ ದೊಡ್ಡ ಪೆಟ್ಟು ಬಿತ್ತು. ಮನೆಯಲ್ಲಿ ಜೂಜು ನಡೆಸಿದರೆಂಬ ಅಪರಾಧಕ್ಕೆ ಆರು ತಿಂಗಳ ಸೆರೆಮನೆ ಮತ್ತು 200 ರೂಪಾಯಿ ದಂಡ. ಮೂರು ತಿಂಗಳಿಗೆ ಬಿಡುಗಡೆಯಾಯಿತು. ಎಷ್ಟೋ ನೆಂಟರು ಮುಖ ತಿರುಗಿಸಿದರು. ಕೊನೆಯವರೆಗೆ ಕೈಹಿಡಿದದ್ದು ಗೆಳೆಯ ನವಾಬ ಮುಸ್ತಫಾ ಖಾನ್ ಶೇಫ್ತಾ. ದುಡಿಮೆಯ ಬಾಗಿಲು ಮುಚ್ಚಿದಾಗ ಬೇಗ ಸಿಗುವ ಹಣದ ಕಿಟಕಿ ತಾನಾಗಿ ತೆರೆಯುತ್ತದೆ. ಇಂದು ಮೊಬೈಲ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳಿಗೆ ಮರುಳಾಗುವ ತರುಣರಿಗೆ ಈ ವರ್ಷವನ್ನು ನೆನಪಿಸಬೇಕು.

ಆರು ತಿಂಗಳಿಗೊಮ್ಮೆ ಸಂಬಳ

1850ರಲ್ಲಿ ಸ್ವಲ್ಪ ಬೆಳಕು ಕಂಡಿತು. ಬಾದಶಾಹ ಬಹಾದುರ್ ಶಾ ಜಫರ್ ತೈಮೂರ್ ವಂಶದ ಇತಿಹಾಸ ಬರೆಯಲು ಗಾಲಿಬ್‌ರನ್ನು ನೇಮಿಸಿದರು. ಸಂಬಳ ವರ್ಷಕ್ಕೆ 600 ರೂಪಾಯಿ, ತಿಂಗಳಿಗೆ 50. ಪಿಂಚಣಿಯೊಂದಿಗೆ ಸೇರಿದರೆ 112 ರೂಪಾಯಿ 8 ಆಣೆ. ಆದರೆ ಅರಮನೆಯ ಪದ್ಧತಿಯಂತೆ ಸಂಬಳ ಬರುವುದು ಆರು ತಿಂಗಳಿಗೊಮ್ಮೆ. ಹೊಟ್ಟೆ ಕೇಳುವುದು ದಿನಕ್ಕೆರಡು ಸಲ. ನಡುವಿನ ಆರು ತಿಂಗಳನ್ನು ತುಂಬಿದವನು ಬಡ್ಡಿಯ ಸಾಹುಕಾರ.

ಆಗ ಗಾಲಿಬ್ ಬಾದಶಾಹರಿಗೆ ಪದ್ಯರೂಪದಲ್ಲಿ ಒಂದು ಅರ್ಜಿ ಬರೆದರು. ಸಂಬಳವನ್ನು ತಿಂಗಳು ತಿಂಗಳಿಗೆ ಕೊಡಿಸಿ ಎಂಬುದೇ ಬೇಡಿಕೆ. ಸಂಬಳದ ಮೂರನೆಯ ಒಂದು ಪಾಲು ಸಾಹುಕಾರನಿಗೆ ಸೇರುತ್ತಿದೆ ಎಂದು ಅದರಲ್ಲಿ ತೋಡಿಕೊಂಡಿದ್ದಾರೆ. ನನ್ನ ವಿದ್ಯಾರ್ಥಿಗಳೇ, ಈ ಲೆಕ್ಕವನ್ನು ನೀವೇ ಮಾಡಿ. 600ರಲ್ಲಿ ಮೂರನೆಯ ಒಂದು ಭಾಗ 200. ಕಾಗದದ ಮೇಲೆ ತಿಂಗಳಿಗೆ 50. ಕೈಗೆ ದಕ್ಕಿದ್ದು 33 ರೂಪಾಯಿ ಚಿಲ್ಲರೆ. ಸಂಬಳ ಕಡಿಮೆಯಾಗಿರಲಿಲ್ಲ. ಬರುವ ದಿನ ಮತ್ತು ಬೇಕಾಗುವ ದಿನ ಬೇರೆ ಬೇರೆಯಾಗಿದ್ದವು, ಅಷ್ಟೇ. ಆ ಅಂತರವನ್ನೇ ಬಡ್ಡಿ ತಿಂದಿತು.

ಇದು ಎರಡನೆಯ ಪಾಠ. ಕೈಯಲ್ಲಿ ಮುಂದಿನ ಒಂದೆರಡು ತಿಂಗಳಿಗಾಗುವಷ್ಟು ಉಳಿತಾಯ ಇದ್ದವನು ಈ ಅಂತರವನ್ನು ಪುಕ್ಕಟೆ ದಾಟುತ್ತಾನೆ. ಇಲ್ಲದವನು ಪ್ರತಿ ಸಲವೂ ಸುಂಕ ಕಟ್ಟಿ ದಾಟುತ್ತಾನೆ. ಬಡವನಿಗೆ ಬದುಕು ದುಬಾರಿಯಾಗುವುದು ಹೀಗೆ. ಅಂಗಡಿಯ ಉದ್ರಿ, ಕೈಸಾಲ, ಮೀಟರ್ ಬಡ್ಡಿ, ಈಗ ಮೊಬೈಲ್ ಆ್ಯಪ್‌ನ ಸಾಲ. ಹೆಸರು ಬದಲಾಗಿದೆ, ಸುಂಕದ ಕಟ್ಟೆ ಅದೇ.

ಬಟ್ಟೆ ಮಾರಿ ಉಂಡ ದಿನಗಳು

1857ರ ಮೇ ತಿಂಗಳಲ್ಲಿ ದಂಗೆ ಎದ್ದಾಗ ಪಿಂಚಣಿ ನಿಂತಿತು. ಅರಮನೆಯ ಸಂಬಳವೂ ನಿಂತಿತು. ಅವಧ್‌ನ ವಾಜಿದ್ ಅಲಿ ಶಾ ಅವರಿಂದ ವರ್ಷಕ್ಕೆ 500 ರೂಪಾಯಿ ಬರುತ್ತಿದ್ದದ್ದು 1856ರಲ್ಲಿ ಆ ರಾಜ್ಯವನ್ನು ಬ್ರಿಟಿಷರು ಕಿತ್ತುಕೊಂಡಾಗಲೇ ಹೋಗಿತ್ತು. ಬೇಗಂ ಸಾಹೇಬರು ಸುರಕ್ಷಿತವಾಗಿರಲಿ ಎಂದು ಬೇರೆ ಕಡೆ ಇಟ್ಟ ಒಡವೆಗಳು ಲೂಟಿಯಾದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ತಮ್ಮ ಯೂಸುಫ್ ತೀರಿಕೊಂಡರು. ಮನೆಯ ಬಟ್ಟೆಬರೆ, ಹಾಸಿಗೆ ಹೊದಿಕೆಗಳನ್ನು ಒಂದೊಂದಾಗಿ ಮಾರಿ ಹೊಟ್ಟೆ ಹೊರೆದ ಸಂಗತಿಯನ್ನು ಅವರೇ 'ದಸ್ತಂಬೂ' ಎಂಬ ತಮ್ಮ ಪಾರ್ಸಿ ದಿನಚರಿಯಲ್ಲಿ ಬರೆದಿದ್ದಾರೆ.

ಇದು ಅವರ ತಪ್ಪಲ್ಲ. ಇಡೀ ದೆಹಲಿಯೇ ಹಾಳಾಗಿತ್ತು. ಆದರೂ ಕಷ್ಟಕಾಲಕ್ಕೆಂದು ತೆಗೆದಿಟ್ಟದ್ದು ಏನೂ ಇಲ್ಲದ ಮನೆಗೆ ಬಿರುಗಾಳಿ ಬಡಿದರೆ ಹೇಗಿರುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಕೊರೊನಾ ಕಾಲದ 2020ರ ಲಾಕ್‌ಡೌನ್ ದಿನಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1859ರ ಜುಲೈಯಿಂದ ರಾಮಪುರದ ನವಾಬ ಯೂಸುಫ್ ಅಲಿ ಖಾನ್ ತಿಂಗಳಿಗೆ 100 ರೂಪಾಯಿ ಕೊಡತೊಡಗಿದರು. 1860ರ ಮೇ ತಿಂಗಳಲ್ಲಿ ನಿಂತ ಪಿಂಚಣಿ ಮತ್ತೆ ಬಂತು. ಮೂರು ವರ್ಷದ ಬಾಕಿ 2,250 ರೂಪಾಯಿ ಒಟ್ಟಿಗೆ ಸಿಕ್ಕಿತು. ಆದರೆ ಅದು ಬರುವುದನ್ನೇ ಕಾಯುತ್ತಿದ್ದ ಅಸಲು ಮತ್ತು ಬಡ್ಡಿ ಅದನ್ನು ನುಂಗಿದವು. ಸಾಲದಲ್ಲಿರುವ ಮನೆಗೆ ಹಣ ಅತಿಥಿಯಂತೆ ಬರುತ್ತದೆ, ಚಪ್ಪಲಿಯನ್ನೂ ಬಿಚ್ಚುವುದಿಲ್ಲ.

ಆ ನಂತರದ ಒಂದು ಪತ್ರದಲ್ಲಿ ಗಾಲಿಬ್ ತಮ್ಮ ಲೆಕ್ಕವನ್ನು ನೇರವಾಗಿ ಇಟ್ಟಿದ್ದಾರೆ. ಆದಾಯ 162 ರೂಪಾಯಿ 8 ಆಣೆ, ಖರ್ಚು 300, ತಿಂಗಳಿಗೆ ಸುಮಾರು 140ರ ಕೊರತೆ. ಸ್ವಂತ ಮಕ್ಕಳು ಬದುಕಿ ಉಳಿದಿರಲಿಲ್ಲ. 1852ರಲ್ಲಿ ತೀರಿಕೊಂಡ ಆರಿಫ್‌ರ ಇಬ್ಬರು ಗಂಡುಮಕ್ಕಳನ್ನು ಸಾಕುತ್ತಿದ್ದರು. ಕಷ್ಟದಲ್ಲೂ ಆಳುಗಳನ್ನು ಬಿಡಲಿಲ್ಲ. ಬಾಗಿಲಿಗೆ ಬಂದ ಬಡವರನ್ನು ಬರಿಗೈಯಲ್ಲಿ ಕಳುಹಿಸುತ್ತಿರಲಿಲ್ಲ ಎಂದು ಹಾಲಿ ಬರೆದಿದ್ದಾರೆ. ಕುಡಿತದ ಖರ್ಚೂ ಇತ್ತು. ಅದನ್ನು ಅವರು ಎಂದೂ ಮುಚ್ಚಿಡಲಿಲ್ಲ. 300ರ ಆ ಪಟ್ಟಿಯಲ್ಲಿ ದುಂದೂ ಇತ್ತು, ದಯೆಯೂ ಇತ್ತು. ಅವೆರಡನ್ನೂ ಬೇರ್ಪಡಿಸುವ ಕೆಲಸ ಮಾತ್ರ ನಡೆಯಲಿಲ್ಲ. ಇದು ಮೂರನೆಯ ಪಾಠ. ಖರ್ಚೆಲ್ಲ ಕೆಟ್ಟದ್ದಲ್ಲ, ಆದರೆ ಯಾವುದು ಯಾವುದು ಎಂದು ಗುರುತಿಸದಿದ್ದರೆ ಕೊನೆಗೆ ದಯೆಯೂ ಸಾಲದ ಹಣದಲ್ಲೇ ನಡೆಯುತ್ತದೆ.

ಲೆಕ್ಕ ಬಲ್ಲವರೇ ಆಗಿದ್ದರು

ಗಾಲಿಬ್‌ರಿಗೆ ಲೆಕ್ಕ ಬರುತ್ತಿರಲಿಲ್ಲವೇ? ಬರುತ್ತಿತ್ತು. ಸಂಕಟದ ಆ ವರ್ಷಗಳಲ್ಲಿ ಶಿಷ್ಯ ಮುನ್ಶಿ ಹರಗೋಪಾಲ್ ತಫ್ತಾ 100 ರೂಪಾಯಿಯ ಹುಂಡಿ ಕಳುಹಿಸಿದರು. ಅದಕ್ಕೆ ಬರೆದ ಉತ್ತರದಲ್ಲಿ ಗಾಲಿಬ್ ಪೈಸೆ ಪೈಸೆಯ ಲೆಕ್ಕ ಕೊಟ್ಟಿದ್ದಾರೆ: ಕೈಗಡ ತಂದದ್ದಕ್ಕೆ 24, ಮನೆಯೊಳಗಿನ ಖರ್ಚಿಗೆ 50, ಪೆಟ್ಟಿಗೆಯಲ್ಲಿ 26. ಕೂಡಿದರೆ ಸರಿಯಾಗಿ ನೂರು. ಇನ್ನೊಬ್ಬ ಗೆಳೆಯನಿಗೆ ಬರೆದ ಪತ್ರದಲ್ಲಿ ತಮ್ಮನ್ನೇ ಬೇರೊಬ್ಬನಂತೆ ಎದುರು ನಿಲ್ಲಿಸಿಕೊಂಡು, ಬಟ್ಟೆ ಅಂಗಡಿಯವನಿಂದ ಬಟ್ಟೆ, ಹಣ್ಣಿನವನಿಂದ ಮಾವು, ಸರಾಫನಿಂದ ರೊಕ್ಕ ತರುವಾಗ ತೀರಿಸುವುದು ಎಲ್ಲಿಂದ ಎಂದು ಯೋಚಿಸಿದ್ದೆಯಾ ಎಂಬ ಅರ್ಥದಲ್ಲಿ ಬೈದುಕೊಂಡಿದ್ದಾರೆ. ಗೊತ್ತಿಲ್ಲದೆ ಕೆಟ್ಟವರಲ್ಲ. ಗೊತ್ತಿದ್ದೂ ನಿಲ್ಲಿಸಲಾಗದೆ ಹೋದವರು. ನಮ್ಮಲ್ಲಿ ಎಷ್ಟು ಜನ ಹಾಗೆಯೇ ಇದ್ದೇವೆ!

1869ರ ಫೆಬ್ರವರಿ 15ರಂದು ಗಾಲಿಬ್ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲೂ ಸಾಲ ತೀರಿಸಿ ಸಾಯಬೇಕೆಂಬ ಆಸೆಯಿಂದ ರಾಮಪುರಕ್ಕೆ ಬರೆದಿದ್ದರು. ಆಸೆ ಈಡೇರಲಿಲ್ಲ. ದೆಹಲಿಯಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬದುಕಿದರೂ ಬಾಡಿಗೆ ಮನೆಯಲ್ಲೇ ಇದ್ದರು. ಸ್ವಂತ ಮನೆ ಆಗಲಿಲ್ಲ.

ನಮಗೂ ಅವರಿಗೂ ಇರುವ ವ್ಯತ್ಯಾಸ

ನ್ಯಾಯವಾಗಿ ಒಂದು ಮಾತು ಹೇಳಬೇಕು. ಗಾಲಿಬ್‌ರ ದೆಹಲಿಯಲ್ಲಿ ಸಾಮಾನ್ಯನೊಬ್ಬ ನಾಲ್ಕಾಣೆ ಜಮಾ ಮಾಡಲು ನಂಬಿಕೆಯ ಸ್ಥಳವೇ ಇರಲಿಲ್ಲ. ಅಂಚೆ ಕಚೇರಿಯ ಉಳಿತಾಯ ಬ್ಯಾಂಕ್ ಭಾರತದಲ್ಲಿ ಆರಂಭವಾದದ್ದು 1882ರಲ್ಲಿ, ಅವರು ತೀರಿಕೊಂಡು ಹದಿಮೂರು ವರ್ಷಗಳ ಬಳಿಕ. ಸಾಹುಕಾರನ ಬಡ್ಡಿಯಿಂದ ಜನರನ್ನು ಬಿಡಿಸಲು ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಆ ಕಾಯಿದೆಯಡಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು ಎಂಬುದು ನಮ್ಮ ನಾಡಿನ ಹೆಮ್ಮೆ. ಗಾಲಿಬ್‌ರಿಗೆ ಇಲ್ಲದ ಬಾಗಿಲುಗಳು ನಮಗೆ ತೆರೆದಿವೆ. ಬಳಸದಿದ್ದರೆ ನೆಪ ಹೇಳಲು ನಮಗೆ ಅವರಷ್ಟೂ ಅಧಿಕಾರವಿಲ್ಲ.

ಆದಾಯವೇ ಸಾಲದ ಮನೆಗಳೂ ಉಂಟು, ನಾನು ಬಲ್ಲೆ. ಅವರಿಗೆ ಬೇಕಾದದ್ದು ಉಪದೇಶವಲ್ಲ, ಕೆಲಸ ಮತ್ತು ಕೂಲಿ. ಈ ಮಾತು ಬಂದದ್ದು ಬಂದ ಹಾಗೆ ಹೋಗುವ ನನ್ನಂಥವರಿಗೆ. ನಾನು ನನ್ನ ಮನೆಯಲ್ಲಿ ಮಾಡಿಕೊಂಡ ಮೂರು ನಿಯಮ ಹೇಳಿ ಮುಗಿಸುತ್ತೇನೆ.

1. ಸಂಬಳ ಬಂದ ದಿನವೇ, ಒಂದು ರೂಪಾಯಿ ಖರ್ಚಾಗುವ ಮೊದಲೇ, ಚಿಕ್ಕದಾದರೂ ಒಂದು ಪಾಲು ಬೇರೆ ಖಾತೆಗೆ ಹೋಗಬೇಕು. ತಿಂಗಳ ಕೊನೆಗೆ ಉಳಿದರೆ ಕೂಡಿಡೋಣ ಎಂದವರಿಗೆ ಎಂದೂ ಉಳಿದಿಲ್ಲ.

2. ಕೈಗೆ ಬಾರದ ಹಣವನ್ನು ಮನೆಯ ಮಾತಿನಲ್ಲೂ ಎಣಿಸಬಾರದು.

3. ಕೊಟ್ಟದ್ದು, ತಂದದ್ದು, ಖರ್ಚಾದದ್ದು ಎಲ್ಲವನ್ನೂ ಬರೆದಿಡಬೇಕು. ಸಾಲದ ವ್ಯವಹಾರವನ್ನು ಬರೆದಿಡುವ ವಿಷಯವೇ ಕುರ್‌ಆನಿನ ಅತಿ ದೀರ್ಘವಾದ ಆಯತ್ತಿನಲ್ಲಿದೆ ಎಂಬುದನ್ನು ಮದ್ರಸಾದಲ್ಲಿ ಓದಿದ ಮಕ್ಕಳು ಬಲ್ಲರು. ಸಾಲದ ಸಿಹಿ-ಕಹಿಯ ಬಗ್ಗೆ ಸರ್ವಜ್ಞ ಹೇಳಿದ್ದನ್ನು ಕನ್ನಡ ತರಗತಿಯಲ್ಲಿ ನೀವೆಲ್ಲ ಕಂಠಪಾಠ ಮಾಡಿದ್ದೀರಿ.

ಹಿಂದಿನ ಬೆಂಚಿನ ಹುಡುಗನಿಗೆ ಮರುವಾರ ಉತ್ತರ ಕೊಟ್ಟೆ. ಕಪ್ಪುಹಲಗೆಯ ಮೇಲೆ ಗಾಲಿಬ್‌ರ ಆದಾಯ ಒಂದು ಕಡೆ, ಖರ್ಚು ಇನ್ನೊಂದು ಕಡೆ ಬರೆದೆ. ಅವನು ಅದನ್ನು ಉರ್ದು ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ನಕಲು ಮಾಡಿಕೊಂಡ. ಕೆಲವು ದಿನಗಳ ನಂತರ ನೋಟ್‌ಬುಕ್ ತಿದ್ದುವಾಗ ಆ ಪುಟ ಕಣ್ಣಿಗೆ ಬಿತ್ತು. ಗಾಲಿಬ್‌ರ ಲೆಕ್ಕದ ಕೆಳಗೆ ಗೆರೆ ಎಳೆದು ಇನ್ನೊಂದು ಲೆಕ್ಕ ಬರೆದಿದ್ದ: ಅಕ್ಕಿ, ಹಾಲು, ಬಾಡಿಗೆ, ಕರೆಂಟು, ಅಬ್ಬಾ ಅವರ ಬೀಡಿ. ಅಕ್ಷರ ಅವನದು, ಅಂಕಿಗಳು ಮಾತ್ರ ದೊಡ್ಡವರ ಕೈಬರಹದಲ್ಲಿದ್ದವು. ತಂದೆ-ಮಗ ಒಟ್ಟಿಗೆ ಕುಳಿತು ಬರೆದಿದ್ದರು. ನಾನು ಆ ಪುಟಕ್ಕೆ ಅಂಕ ಹಾಕಲಿಲ್ಲ, ಸಹಿ ಮಾತ್ರ ಹಾಕಿದೆ.

ಓದುಗರೇ, ಇಂದು ರಾತ್ರಿ ನೀವೂ ಒಂದು ಹಾಳೆ ತೆಗೆದುಕೊಳ್ಳಿ.